ಖಾಲಿ ಬಿಟ್ಟ ಪೋರ್ಟ್

ಚಳ್ಳಕೆರೆಯ ಆ ಕಂಪ್ಯೂಟರ್ ಅಂಗಡಿಯವರು ಗ್ರಾಫಿಕ್ಸ್ ಕಾರ್ಡನ್ನು ಡಬ್ಬಿಯಿಂದ ತೆಗೆದರೆ, ಮಾನಿಟರ್ ವೈರು ಸಿಕ್ಕಿಸುವ ಪೋರ್ಟುಗಳ ಮೇಲೆ ಮೊದಲು ಹೆಬ್ಬೆರಳು ಸವರುತ್ತಿದ್ದರು, ಸೀರೆಯ ಅಂಚು ನೋಡುವವರ ಹಾಗೆ. ಮೊಳಕಾಲ್ಮೂರಿನ ನೇಕಾರರ ಮನೆಯವರು.

ಕಾರ್ ರೇಸ್ ಆಡಲು ನನಗೆ ಮೂರು ಮಾನಿಟರ್ ಬೇಕಿತ್ತು. ಮೂರು ಪೋರ್ಟಿನ ಕಾರ್ಡ್ ಸಾಕೆಂದೆ. ಅವರು ನಾಲ್ಕರದ್ದನ್ನೇ ಮುಂದಿಟ್ಟರು.

"ಒಂದು ಖಾಲಿ ಇರ್ಲಿ ಬಿಡ್ರಿ." ಇದು ಅವರು ಎಲ್ಲರಿಗೂ ಹೇಳುವ ಮಾತು. "ಸೀರೆ ಕೊಯ್ದ ಮೇಲೂ ನಮ್ಮವ್ವ ಮಗ್ಗದಾಗೆ ಹಳೇ ಎಳೆ ಉಳಿಸ್ತಿದ್ಲು. ಮುಂದೆ ಬರಾದು ಅದಕ್ಕೇ ಗಂಟು ಬೀಳ್ಬೇಕಲ್ಲ."

ನಮ್ಮ ಮನೆಗೆ ಬಂದು ಎಲ್ಲ ಜೋಡಿಸಿದವರೂ ಅವರೇ. ಕೆಲಸ ಮುಗಿದ ಮೇಲೆ ಮೂರನೇ ಮಾನಿಟರಿನ ಬಲಕ್ಕೆ ಕುರ್ಚಿ ಎಳೆದು ಕೂತು, ಬರೀ ಗೋಡೆಯನ್ನು ಬಹಳ ಹೊತ್ತು ನೋಡಿದರು.

"ಏನ್ ನೋಡ್ತಿದ್ದೀರಿ?" ಎಂದೆ.

"ಇಲ್ಲಿ ಜಾಗ ಐತೆ," ಎಂದರು.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮಾರನೆಯ ದಿನ ಕಂಪ್ಯೂಟರ್ ಹಾಕಿದರೆ, ಸೆಟ್ಟಿಂಗಿನಲ್ಲಿ ಮೂರರ ಬದಲು ನಾಲ್ಕು ಪರದೆ ಕಾಣಿಸಿದವು. ಮೌಸಿನ ಬಾಣ ಮೂರನೇ ಮಾನಿಟರಿನ ಅಂಚು ದಾಟಿ ಗೋಡೆಯ ಕಡೆಗೆ ಹೋಗಿ ಮಾಯವಾಗುತ್ತಿತ್ತು. ನಾನು ಕೈ ತೆಗೆದು ಕೂತರೂ ಸ್ವಲ್ಪ ಹೊತ್ತಿಗೆ ತಾನೇ ಮರಳಿ ಬರುತ್ತಿತ್ತು.

ತಡೆಯಲಾರದೆ ಮೊನ್ನೆ ಇನ್ನೊಂದು ಮಾನಿಟರ್ ತಂದು ಆ ಗೋಡೆಗೆ ಒರಗಿಸಿ, ಖಾಲಿ ಪೋರ್ಟಿಗೆ ಸಿಕ್ಕಿಸಿದೆ. ಇನ್ನು ಎಲ್ಲ ತುಂಬಿತಲ್ಲ ಎಂದುಕೊಂಡೆ.

ಸೆಟ್ಟಿಂಗಿನಲ್ಲಿ ಈಗ ಐದು ಪರದೆಗಳಿವೆ.