ಪಡಸಾಲಿ ಟಿವಿಯೊಳಗ ಅವ್ವನ ಮಾತು

ಆಫೀಸಿನಾಗ ನನ್ನ ಕೆಲಸ ಅಕೌಂಟ್ಸು. ಆದ್ರ ಮೀಟಿಂಗ್ ಅಂತ ಬಂದ್ರ ಸಾಕು, ಎಲ್ಲಾರಿಗೂ ನಾನೇ ಬೇಕು. ಗಚ್ಚಿಬೌಲಿಯ ಆ ಗಾಜಿನ ಬಿಲ್ಡಿಂಗಿನಾಗ ದೊಡ್ಡ ದೊಡ್ಡ ಪಗಾರದ ಮಂದಿಗೆ ತಮ್ಮ ಫೋನಿನ್ಯಾಗಿಂದು ಗ್ವಾಡಿ ಮ್ಯಾಲಿನ ಟಿವಿಗೆ ತರಾಕ ಬರೂದಿಲ್ಲ. "ಮೇಡಂ, ಜರಾ ಕನೆಕ್ಟ್ ಕರ್ ದೀಜಿಯೇ" ಅಂತಾರ. ನಾ ಎದ್ದು ಹೋಗಿ, ಎರಡೂ ಒಂದೇ ವೈಫೈನಾಗ ಅದಾವೋ ಇಲ್ಲೋ ನೋಡಿ, ಮಿರರಿಂಗ್ ಒತ್ತಿ, ಟಿವಿ ಒಪ್ಪೂತನಕಾ ರಿಮೋಟ್ ಹಿಡಕೊಂಡು ನಿಂತಿರ್ತೀನಿ. ಸಂಜೀಕ ಕ್ಯಾಬಿನಾಗ ತೂಕಡಿಸಿಕೋತ, ಲಿಂಗಂಪಲ್ಲಿ ಸ್ಟೇಶನ್ ಹಿಂದಿನ ನಮ್ಮ ಬಾಡಿಗಿ ಮನಿ ಮುಟ್ಟೂದ್ರಾಗ ಜೀವ ಹೈರಾಣಾಗಿ ಹೋಗಿರ್ತೈತಿ. ಮನ್ಯಾಗೂ ಅದೇ ಕೆಲಸ ಕಾದಿರ್ತೈತಿ ಅಂತ ಆಗ ಯಾರಿಗೆ ಗೊತ್ತಿತ್ತು.

ಮನ್ಯಾಗ ನಾವು ಮೂರೇ ಮಂದಿ. ನಾನು, ನಮ್ಮ ಮನಿಯವರು, ಅವ್ವ. ಅಪ್ಪ ಹೋದ ಮ್ಯಾಲೆ ಅವ್ವನ ಕಣ್ಣೂ ಕೆಟ್ಟವು. ಒಬ್ಬಾಕೆ ಮಗಳು ನಾನು, ಬಿಟ್ಟು ಇರೂದು ಹ್ಯಾಂಗ? ವಿಜಾಪುರದಿಂದ ಕರಕೊಂಡು ಬಂದೆ. ಅಕಿ ಬಂದಳು, ಖರೆ. ಆದ್ರ ಅಕಿ ಮನಸ್ಸು ಅಲ್ಲೇ ಒಂದು ಕಿಡಕಿಯೊಳಗ ಉಳೀತು.

ವಿಜಾಪುರದಾಗ ಅವ್ವನ ಮನಿ, ದೊಡ್ಡವ್ವನ ಮನಿ ಒಂದಕ್ಕೊಂದು ಹತ್ತಿದ್ವು. ನಡುವ ಒಂದು ಗ್ವಾಡಿ, ಆ ಗ್ವಾಡಿಗೆ ಒಂದು ಸಣ್ಣ ಕಿಡಕಿ. ಅಕ್ಕ-ತಂಗಿ ಇಬ್ಬರೂ ಆ ಕಿಡಕಿಯೊಳಗಿಂದ ಪಲ್ಯೆ ಕೊಟ್ಟರು, ಶೇಂಗಾ ಹಿಂಡಿ ಇಸಕೊಂಡರು, ಗಂಡಂದಿರ ಮ್ಯಾಲೆ ಚಾಡಿ ಹೇಳಿದ್ರು, ಅತ್ತರು, ನಕ್ಕರು. ಮುಂದ ದೊಡ್ಡವ್ವಗ ಕಿವಿ ಹೋತು. ಕಿವಿ ಮಶೀನ್ ಹಾಕಿದ್ರ ತಲಿಯೊಳಗ ಹಿಟ್ಟಿನ ಗಿರಣಿ ನಡದಂಗ ಆಗ್ತೈತಿ ಅಂತ ತಗದು ಡಬ್ಬಿಯೊಳಗ ಇಟ್ಟುಬಿಟ್ಟಾಳ. ಮನಿ ತುಂಬ ಮಂದಿ ಇದ್ರೂ ಅಕಿ ಕೂಡ ಮಾತಾಡಾಕ ಯಾರಿಗೂ ತಾಳ್ಮಿ ಇಲ್ಲ. ಅವ್ವನ ಮೆಸೇಜೇ ಅಕಿಗೆ ಗತಿ. ಅವ್ವಗರ ಕಣ್ಣಿನ ನಡುವಿನ ನೋಟ ಹೋಗೇತಿ, ಚಸ್ಮಾದಿಂದ ಬರೂದಲ್ಲ ಅಂತ ಡಾಕ್ಟರು ಹೇಳ್ಯಾರ. ಮೊದಲ ಮೊದಲ ಫೋನ್ ಮೂಗಿಗೆ ಹಚ್ಚಿಕೊಂಡು ತಾನೇ ಓದತಿದ್ಲು, ತಾನೇ ಬರೀತಿದ್ಲು. ಬರಬರತಾ ಅದೂ ಆಗದಂಗಾತು. ಫೋನ್ ಮಾಡಿದ್ರ ಅಕಿಗೆ ಕೇಳೂದಿಲ್ಲ, ಬರದು ಕಳಿಸಿದ್ರ ಇಕಿಗೆ ಕಾಣೂದಿಲ್ಲ. ದೇವರಿಗೆ ಬ್ಯಾರೆ ಉದ್ಯೋಗ ಇದ್ದಿದ್ದಿಲ್ಲ ಕಾಣತೈತಿ.

ನಾ ಓದಿ ಹೇಳಲೇನು ಅಂದ್ರ ಬ್ಯಾಡ ಅಂತಿದ್ಲು. ಅಕ್ಕ ಬರದಿದ್ದು ಅಕ್ಕನ ಬಾಯಿಂದ ಕೇಳಿದಂಗ ಇರಬೇಕು, ನಿನ್ನ ಬಾಯಾಗ ಆಫೀಸಿನ ಸುದ್ದಿ ಕೇಳಿದಂಗ ಆಗ್ತೈತಿ ಅಂತಿದ್ಲು. ಸಿಟ್ಟು ಬಂತು ನನಗ. ಮತ್ತ ಖರೇನೂ ಅನಿಸ್ತು.

ಒಂದಿನ ಆಫೀಸಿನಾಗ ಯಾರದೋ ಫೋನ್ ಟಿವಿಗೆ ಹಚ್ಚಿ ನಿಂತಾಗ, ಅವರ ಮನಿಯಿಂದ ಬಂದ ಮೆಸೇಜ್ ಗ್ವಾಡಿ ತುಂಬ ಕಾಣಿಸ್ತು. ಕೊತ್ತಂಬರಿ ತರಾಕ ಹೇಳಿದ್ರು. ಎಲ್ಲಾರೂ ನಕ್ಕರು. ನನಗ ಮಾತ್ರ ಅವ್ವ ನೆನಪಾದ್ಲು. ಆ ಸಂಜಿ ಮನಿಗೆ ಬಂದಾಕೇ ಚಪ್ಪಲಿ ಬಿಟ್ಟು, ಅವ್ವನ ಫೋನ್ ಪಡಸಾಲಿ ಟಿವಿಗೆ ಹಚ್ಚಿದೆ. ಫೋನ್ ಅಡ್ಡ ತಿರುಗಿಸಿದ ಮ್ಯಾಲೆ ಒಂದೊಂದು ಅಕ್ಷರ ಅಂಗೈಯಷ್ಟಾತು. ಅವ್ವ ಟಿವಿ ಮುಂದ ನೆಲದ ಮ್ಯಾಲೆ ಕುಂತು, ತಲಿ ಸ್ವಲ್ಪ ಓರೆ ಮಾಡಿ, ಒಂದೊಂದೇ ಅಕ್ಷರ ಹಿಡಕೊಂಡು ಗಟ್ಟಿಯಾಗಿ ಓದಿದ್ಲು. "ಕಿಡ-ಕಿ-ಯಾಗ ಬೆಕ್ಕು ಮರಿ ಹಾಕೇತಿ." ಆಮ್ಯಾಲೆ ಅದನ್ನೇ ಮೊದಲಿಂದ ಇನ್ನೊಮ್ಮೆ ಓದಿದ್ಲು.

ಬರಿಯೂದಕ್ಕೂ ಒಂದು ದಾರಿ ಸಿಕ್ಕಿತು. ಬೆರಳಿಂದ ಫೋನಿನ ಮ್ಯಾಲೆ ಬರದ್ರ ಅದೇ ಅಕ್ಷರ ಮಾಡಿಕೊಳ್ಳೋ ಕೀಬೋರ್ಡ್ ಹಾಕಿಕೊಟ್ಟೆ. ತೊಡಿ ಮ್ಯಾಲೆ ಫೋನ್, ಕಣ್ಣು ಟಿವಿ ಮ್ಯಾಲೆ. ಬೆರಳು ಮುಂದ ಹೋಗತಿತ್ತು, ಅಕ್ಷರ ಒಂದು ಗುಟುಕು ತಡದು ಹಿಂದ ಬರತಿತ್ತು. ಪಾಟಿ ಮ್ಯಾಲೆ ಬರಿಯೋ ಕೂಸಿನಂಗ ನಾಲಿಗಿ ಹೊರಗ ಹಾಕ್ಕೊಂಡು ಬರೀತಿದ್ಲು ನಮ್ಮವ್ವ. ದಿನಾ ಸಂಜೀಕ ನಾ ಬರೂದು, ಹಚ್ಚೂದು, ಬಾಜೂಕ ಕುಂತು ಕಣ್ಣು ಮುಚ್ಚೂದು. ನಮ್ಮ ಮನಿಯವರು ಸನತ್‌ನಗರದ ಫ್ಯಾಕ್ಟರಿಯಿಂದ ಬರೂದು ಇನ್ನೂ ತಡ ಆಗ್ತಿತ್ತು. ಅಷ್ಟರಾಗ ಅಕ್ಕ-ತಂಗಿಯರ ಮಾತುಕತಿ ಮುಗದು ಟಿವಿ ಬಂದ್ ಆಗಿರತಿತ್ತು.

ಮುಗದಿರಲೇಬೇಕಾಗಿತ್ತು. ಯಾಕಂದ್ರ ಅವ್ವ ಹೆಣ್ಣು ಕೊಟ್ಟ ಮನ್ಯಾಗ ನೀರು ಕುಡಿಯಾಕೂ ಹಿಂದ ಮುಂದ ನೋಡೋ ಕಾಲದಾಕಿ. ಅಳಿಯ ಬಂದ್ರ ಎದ್ದು ನಿಂತು, ತಲಿ ಮ್ಯಾಲೆ ಸೆರಗು ಎಳಕೊಂಡು ತನ್ನ ಖೋಲಿಗೆ ಹೋಗಾಕಿ. ಕಣ್ಣು ಕಾಣದಿದ್ರೂ ಅದು ತಪ್ಪಲಿಲ್ಲ. ಅದಕ್ಕ ನಮ್ಮ ಮನಿಯವರು ಬಾಗಲದಾಗ ಒಮ್ಮೆ ಕೆಮ್ಮಿ ಒಳಗ ಬರ್ತಾರ. ಅವರೂ ಕೆಟ್ಟವರಲ್ಲ ಬಿಡ್ರಿ. ಆದ್ರ ಮಾತು ಅನ್ನೂದು ಅವರ ಬಾಯಾಗ ಸಾಲ ಕೊಟ್ಟಂಗ ಬರ್ತೈತಿ. ಹಣಿ ಯಾವಾಗ್ಲೂ ಗಂಟು. ದಿನಾ ಮಶೀನಿನ ಸಪ್ಪಳದಾಗ ನಿಂತು ನಿಂತು ಹಂಗಾಗೇತಿ ಅಂತ ನನಗ ಗೊತ್ತು, ಅವ್ವಗ ಹ್ಯಾಂಗ ಗೊತ್ತಾಗಬೇಕು? ಅವ್ವ ಕೈಯಳತಿಯಾಗ ಕುಂತಿದ್ರೂ ಅವರು ನನಗೇ ಹೇಳ್ತಾರ, ಅತ್ತಿಯವ್ರಿಗೆ ಗುಳಿಗಿ ತಂದೀನಿ ಅಂತ ಹೇಳು ಅಂತ. ಅಕಿನೂ ನನಗೇ ಹೇಳ್ತಾಳ, ಯಾಕ ತ್ರಾಸ ತುಗೊಂಡ್ರಂತ ಕೇಳು ಅಂತ. ಆಫೀಸಿನಾಗ ಆ ಕನೆಕ್ಷನ್, ಮನ್ಯಾಗ ಈ ಕನೆಕ್ಷನ್. ಒಮ್ಮೊಮ್ಮೆ ನನ್ನ ವಯರ್ ಯಾರರ ಕಿತ್ತು ಒಗದ್ರ ಚಲೋ ಅನಿಸ್ತಿತ್ತು.

ಆ ಸಂಜಿ ನಾ ಅವ್ವನ ಬಾಜೂಕ ಗ್ವಾಡಿಗೆ ಆತುಕೊಂಡು ತೂಕಡಸಾಕತ್ತಿದ್ದೆ. ಫ್ಯಾಕ್ಟರ್‍ಯಾಗ ಕರೆಂಟ್ ಹೋಗಿ ನಮ್ಮ ಮನಿಯವರು ಲಗೂನ ಬಂದಾರ. ಬಾಗಲಾ ತೆರದಿತ್ತು. ನನಗೂ ಗೊತ್ತಾಗಲಿಲ್ಲ, ಬಾಗಲಕ್ಕ ಬೆನ್ನು ಕೊಟ್ಟು ಕುಂತ ಅವ್ವಗೂ ಗೊತ್ತಾಗಲಿಲ್ಲ. ಟಿವಿಯೊಳಗ ದೊಡ್ಡವ್ವನ ಮೆಸೇಜ್ ಬಂತು. ಅವ್ವ ಎಂದಿನಂಗ ಗಟ್ಟಿಯಾಗಿ ಓದಾಕ ಹತ್ತಿದ್ಲು.

"ಅಳಿಯಾ ಇನ್ನೂ ಮಾರಿ ಗಂಟ ಹಾಕ್ಕೊಂಡ ಅಡ್ಡಾಡ್ತಾನೇನ? ಎರಡನೇ ರೊಟ್ಟಿ ಕೇಳಾಕ ಅಂಜಬ್ಯಾಡ. ಹೊಟ್ಟಿ ಹಸಕೊಂಡ ಮಲಗಬ್ಯಾಡ."

ಓದಿ, ಹುಚ್ಚಿ ಇದ್ದಾಳ ಇಕಿ ಅಂತ ನಕ್ಕು, ಬರಿಯಾಕ ಬೆರಳು ಎತ್ತಿದ್ಲು. ಆಗ ಹಿಂದಿಂದ ಕೆಮ್ಮಿದ ಸಪ್ಪಳ ಬಂತು.

ನಾ ಹೊಳ್ಳಿ ನೋಡಿದ್ರ ಒಂದು ಕಾಲಾಗ ಬೂಟು, ಇನ್ನೊಂದು ಕೈಯಾಗ ಹಿಡಕೊಂಡು ನಿಂತಾರ. ಅಂಗೈ ಅಂಗೈಯಷ್ಟು ಅಕ್ಷರ ಗ್ವಾಡಿ ಮ್ಯಾಲೆ ಹಂಗೇ ಅದಾವು. ಅವ್ವ ಇನ್ನೇನರ ಬರದುಬಿಟ್ಟಾಳು ಅಂತ ಕೆಮ್ಮಿದ್ರೋ, ರೂಢಿಗೆ ಬಿದ್ದು ಕೆಮ್ಮಿದ್ರೋ, ನಾ ಇವತ್ತಿಗೂ ಕೇಳಿಲ್ಲ. ಕೆಮ್ಮೂದಾದ್ರ ಬಾಗಲದಾಗೇ ಕೆಮ್ಮಬೇಕಾಗಿತ್ತು ಅಂತ ಮೈಯೆಲ್ಲ ಉರೀತು. ಅವ್ವ ಗಡಬಡಿಸಿ ಎದ್ದು ಸೆರಗು ಎಳಕೊಂಡು, ಗ್ವಾಡಿ ಹಿಡಕೋತ ತನ್ನ ಖೋಲಿಗೆ ಹೋದ್ಲು. ನನಗ ಅಳಿಯನ ಮಾರಿ ಮಾತಿಗಿಂತ ರೊಟ್ಟಿ ಮಾತು ಹೆಚ್ಚು ಮನಸ್ಸಿಗೆ ಹತ್ತಿತು. ನಾ ಬಡದ ರೊಟ್ಟಿ, ನಮ್ಮವ್ವ ಕೇಳಾಕ ಅಂಜತಾಳ.

ಅವತ್ತಿಂದ ಅವ್ವ ಟಿವಿ ಮುಂದ ಕೂಡಲಿಲ್ಲ. ಕೇಳಿದ್ರ ಕಣ್ಣು ನೋಯ್ತಾವು ಅಂದ್ಲು. ನಮ್ಮ ಮನಿಯವರು ತಮಗ ತಿಳದಂಗ ಸುಧಾರಿಸಾಕ ನೋಡಿದ್ರು. ಊಟಕ್ಕ ಕುಂತಾಗ, ಅತ್ತಿಯವ್ರಿಗೆ ಇನ್ನೊಂದು ರೊಟ್ಟಿ ಹಾಕು ಅಂತ ಜೋರಾಗಿ ಹೇಳಾಕ ಹತ್ತಿದ್ರು. ಅದು ಇನ್ನೂ ಕೆಟ್ಟಾತು. ಅವ್ವ ನಾಚಿಕಿಂದ ಮೊದಲನೇ ರೊಟ್ಟಿಯಾಗಿಂದು ಅರ್ಧ ಎತ್ತಿ ಇಡಾಕ ಶುರು ಮಾಡಿದ್ಲು. ನಮ್ಮ ಮನಿಯವರ ಕೆಮ್ಮು ಬಾಗಲದ ಬದಲಿ ಮೆಟ್ಟಲದಾಗೇ ಶುರು ಆತು. ಮ್ಯಾಲಿನ ಮನಿಯವರು, ನಿಮ್ಮ ಯಜಮಾನ್ರಿಗೆ ಆರಾಮಿಲ್ಲೇನು ಅಂತ ತೆಲುಗಿನಾಗ ವಿಚಾರಿಸಿದ್ರು.

ಅತ್ತಾಗ ದೊಡ್ಡವ್ವನ ಮೆಸೇಜು ಬಂದು ಬಂದು ಅವ್ವನ ಫೋನಿನ್ಯಾಗ ಬೀಳಾಕತ್ತಿದ್ವು. ಫೋನ್ ಚಾರ್ಜಿಗೆ ಹಾಕುವಾಗ ನನ್ನ ಕಣ್ಣಿಗೆ ಬೀಳತಿದ್ವು. ಯಾಕ ಸುಮ್ಮನಾದಿ. ಬೆಕ್ಕಿನ ಮರಿ ಕಣ್ಣು ತೆರದಾವು. ನಾ ಏನರ ತಪ್ಪು ಬರದೆನೇನು. ಆಮ್ಯಾಲೆ ಒಂದು, ಮನ್ಯಾಗ ಎಲ್ಲಾರೂ ಬರೇ ತುಟಿ ಅಳ್ಳಾಡಸ್ತಾರ, ನೀನೂ ಹಂಗ ಮಾಡಬ್ಯಾಡ ಅಂತ. ಅದನ್ನ ಓದಿ ನಾ ಅಡಗಿಮನ್ಯಾಗ ನಿಂತು ಅತ್ತೆ. ಆಮ್ಯಾಲೆ ಅವ್ವನ ಖೋಲಿಗೆ ಹೋಗಿ ದೊಡ್ಡವ್ವಗ ಒಂದು ಮಾತು ಬರಿ ಅಂದೆ. ಅಳಿಯ ಮನ್ಯಾಗ ಇಲ್ಲ ಅಂದೆ. ಇಲ್ಲ ಅನ್ನೂದು ನನಗ ಹ್ಯಾಂಗ ಗೊತ್ತಾಗಬೇಕು ಅಂದ್ಲು. ಸಿಟ್ಟಿಲ್ಲ, ಏನಿಲ್ಲ, ಸೆರಗಿನ ಅಂಚು ತಿರುವಿಕೋತ ಹೇಳಿದ್ಲು.

"ಅಳಿಯನ ಮನ್ಯಾಗ ಬಾಯಿ ಮುಚ್ಚಿಕೊಂಡ ಇದ್ದೆ. ಇನ್ನ ಕಣ್ಣೂ ಮುಚ್ಚಿಕೊಂಡ ಇದ್ರಾತು ಬಿಡು."

ಅದನ್ನ ನಾ ನಮ್ಮ ಮನಿಯವರಿಗೆ ಹಂಗಿಂದ ಹಂಗೇ ಹೇಳಿದೆ. ಜಗಳ ಮಾಡಾಕ ನನ್ನ ಮೈಯಾಗ ತ್ರಾಣ ಇರಲಿಲ್ಲ, ಸುಮ್ಮನ ಹೇಳಿದೆ. ನಾ ಅವರಿಗೆ ಏನರ ಅಂದೀನೇನು ಅಂತ ಕೇಳಿದ್ರು. ಏನೂ ಅಂದಿಲ್ಲ, ಅದೇ ಅಲ್ಲೇನ್ರಿ ಆಗಿದ್ದು ಅಂದೆ. ಉಣ್ಣೂದು ಬಿಟ್ಟು ಗಂಗಾಳ ನೋಡಿಕೋತ ಕುಂತ್ರು.

ಐತವಾರ ಫ್ಯಾಕ್ಟರಿಯಿಂದ ಡ್ರಿಲ್ ಮಶೀನ್ ತಂದ್ರು. ನನಗ ಒಂದು ಮಾತೂ ಹೇಳಲಿಲ್ಲ. ಪಡಸಾಲಿಯ ಟಿವಿ ಬಿಚ್ಚಿ ಸೋಫಾದ ಮ್ಯಾಲೆ ಮಲಗಿಸಿ, ಅವ್ವನ ಖೋಲಿಯಾಗ ಹೋಗಿ ಗ್ವಾಡಿ ಕೊರಿಯಾಕ ಹತ್ತಿದ್ರು. ಅವ್ವನ್ನ ನಾ ಅಡಗಿಮನ್ಯಾಗ ಕೂಡಿಸಿದ್ದೆ, ಏನ್ ನಡದೈತಿ ಅಂತ ಅಕಿ ಕೇಳೇ ಕೇಳಿದ್ಲು, ನನಗೂ ಗೊತ್ತಿಲ್ಲ ಅಂದೆ. ಡ್ರಿಲ್ಲಿನ ಸಪ್ಪಳ ಕೇಳಿ ಮನಿ ಮಾಲಕ್ತಿ ಕೆಳಗಿಂದ ಏರಿ ಬಂದ್ರು. ಪಡಸಾಲಿಗೆ ತೂತು ಹೊಡದಾಗೇ ದೊಡ್ಡ ರಾಮಾಯಣ ಮಾಡಿದ್ದಾಕಿ. ಒಂದು ಮನಿಗೆ ಎಷ್ಟು ಕಡೆ ತೂತು ಹೊಡಿತೀರಿ ಅಂತ ತೆಲುಗಿನಾಗ ಬಾಗಲದಾಗ ನಿಂತು ಬೈದ್ರು. ಹೆಂಡತಿ ಜೋಡಿ ಮಾತಾಡಾಕೇ ಬ್ಯಾಸರ ಮಾಡೋ ಮನಶಾ, ಧೂಳು ಬಡದ ಎರಡೂ ಕೈ ಜೋಡಿಸಿ, ಬಿಟ್ಟು ಹೋಗುವಾಗ ಎಲ್ಲಾ ತುಂಬಿ ಬಣ್ಣಾ ಹಚ್ಚಿ ಕೊಡ್ತೀನಮ್ಮ ಅಂತ ಅಕಿ ಮೆಟ್ಟಲಾ ಇಳಿಯೂತನಕಾ ಹೇಳಿಕೋತ ನಿಂತಿದ್ರು.

ಟಿವಿ ಹತ್ತಿತು, ಆದ್ರ ಫೋನ್ ಹತ್ತವಲ್ದು. ಪಡಸಾಲಿಯ ವೈಫೈ ಆ ಮೂಲಿಗೆ ಸರಿಯಾಗಿ ಮುಟ್ಟತಿರಲಿಲ್ಲ, ಅಕ್ಷರ ನಡುವ ನಿಂತು ಬಿಡತಿದ್ವು. ನಾ ನಾಳೆ ನೋಡೂಣು ಬಿಡ್ರಿ, ಸಾಕಾಗೇತಿ ಅಂದೆ. ಅವರು ಬಿಡಲಿಲ್ಲ. ವೈಫೈ ಡಬ್ಬಿ ಕಿತ್ತು ತಂದು ಅವ್ವನ ಬಾಗಲದ ಮ್ಯಾಲೆ ಕೂಡಿಸಿದ್ರು. ಅದೂ ಆದ ಮ್ಯಾಲೆ ಬಾಗಲದ ಒಳಮೈಗೆ ಏನೋ ಬಡಿಯಾಕ ಹತ್ತಿದ್ರು. ಎಲ್ಲಾ ಮುಗಿಸಿ ಪಡಸಾಲಿಗೆ ಬಂದು ಕೆಮ್ಮಿದ್ರು. ಅವ್ವ ಅಡಗಿಮನ್ಯಾಗ ಎದ್ದು ನಿಂತು ಸೆರಗು ಎಳಕೊಂಡ್ಲು. ನನ್ನ ಕಡೆ ನೋಡ್ತಾರ, ಹೇಳು ಅಂತಾರ ಅಂತ ನಾನೂ ತಯಾರಾಗಿ ನಿಂತೆ. ಅವರು ನನ್ನ ಕಡೆ ನೋಡಲಿಲ್ಲ.

"ಅತ್ತಿಯವ್ರ, ಒಳಗ ಚಿಲಕಾ ಹಚ್ಚೀನ್ರಿ. ನೀವು ಹಾಕ್ಕೊಂಡು ಕುಂದರ್‍ರಿ. ನಾವು ಯಾರೂ ಬರೂದಿಲ್ಲ."

ಅವ್ವ ಗ್ವಾಡಿ ಹಿಡಕೋತ ಖೋಲಿಗೆ ಹೋದ್ಲು. ನಾ ಫೋನ್ ಟಿವಿಗೆ ಹಚ್ಚಿಕೊಟ್ಟು, ಅಕಿ ಕೈ ಹಿಡದು ಚಿಲಕಾ ಎಲ್ಲೈತಿ ಅಂತ ತೋರಿಸಿದೆ. ಎರಡು ಸಲ ಹಾಕಿ, ಎರಡು ಸಲ ತಗದು ನೋಡಿದ್ಲು. ನಾ ಹೊರಗ ಬಂದ ಮ್ಯಾಲೆ ಚಿಲಕಾ ಬಿದ್ದ ಸಪ್ಪಳ ಕೇಳಿಸ್ತು.

ನಾವಿಬ್ಬರೂ ಪಡಸಾಲಿಯಾಗ ಕುಂತ್ವಿ. ಎದುರಿಗೆ ಟಿವಿ ಇಲ್ಲ, ತೂತು ಬಿದ್ದ ಗ್ವಾಡಿ. ಆಮ್ಯಾಲೆ ಒಳಗಿಂದ ಅವ್ವನ ದನಿ ಬಂತು. ಅಕಿಗೆ ಗಟ್ಟಿಯಾಗಿ ಓದದಿದ್ರ ಓದಿದಂಗೇ ಅಲ್ಲ, ಅದು ನಮ್ಮಿಬ್ಬರಿಗೂ ನೆನಪೇ ಇದ್ದಿದ್ದಿಲ್ಲ. "ಯಾಕ ಸುಮ್ಮ-ನಾದಿ" ಅಂತ ಹಳೇ ಮೆಸೇಜಿನಿಂದ ಶುರು ಮಾಡಿದ್ಲು. ಚಿಲಕಾ ಹಾಕಿದ ಬಾಗಲದಾಗಿಂದ ಒಂದೊಂದು ಅಕ್ಷರ ಸ್ವಚ್ಛ ಕೇಳಾಕತ್ತಿತ್ತು. ನಮ್ಮ ಮನಿಯವರು ಎದ್ದು ಫ್ಯಾನ್ ಜೋರು ಮಾಡಿದ್ರು. ಅದಕ್ಕೂ ಬಗ್ಗಲಿಲ್ಲ. ಬಾ, ಹೊರಗ ನಿಂದ್ರೂಣು ಅಂತ ಚಪ್ಪಲಿ ಮೆಟ್ಟಿದ್ರು.

ಹೊರಗ ಮೆಟ್ಟಲದ ಹತ್ರ ನಿಂತ್ವಿ, ನಮ್ಮ ಮನಿ ಬಾಗಲಾ ನಾವೇ ಎಳಕೊಂಡು. ಲಿಂಗಂಪಲ್ಲಿಗೆ ಬರೋ ರೈಲಿನ ಸಪ್ಪಳ ಬಂದು ಹೋತು. ಅವರ ಹಣಿ ಮ್ಯಾಲೆ, ಆ ಗಂಟಿನೊಳಗೆಲ್ಲ ಗ್ವಾಡಿಯ ಬಿಳಿ ಧೂಳು ತುಂಬಿತ್ತು. ನಾ ಸೆರಗಿನಿಂದ ಒರಸಾಕ ಹೋದೆ, ಮಾರಿ ಆ ಕಡೆ ತಿರುವಿದ್ರು. ಆ ಕಡೆ ನೋಡಿಕೋತನೇ ಕೇಳಿದ್ರು.

"ನಾ ಇನ್ನೂ ಮಾರಿ ಗಂಟ ಹಾಕ್ಕೊಂಡ ಅಡ್ಡಾಡ್ತೀನೇನ?"

"ಹೂಂನ್ರಿ" ಅಂದೆ.

ತಲಿ ಅಳ್ಳಾಡಿಸಿದ್ರು. ಒಳಗ ಅವ್ವ ನಕ್ಕಿದ್ದು ಕೇಳಿಸ್ತು. ಏನು ಓದಿ ನಕ್ಕಳೋ ಗೊತ್ತಾಗಲಿಲ್ಲ. ನನ್ನ ಕಾಲು ಸೋತು ಹೋಗಿದ್ವು, ಒಳಗ ಹೋಗಿ ಕುಂದರಬೇಕು ಅನಿಸ್ತು. ಅವರು ಮೆಟ್ಟಲದ ಮ್ಯಾಲೆ ಇನ್ನೂ ಕೆಳಗ ಇಳದು ನಿಂತ್ರು. ನಾನೂ ಇಳದೆ.