ಕಾಕಾನ ಎರೆಮಣ್ಣು, ನಮ್ಮ ಗೋಡೆ

ಬಟ್ಟೆ ತೊಳೆದ ಸಾಬೂನಿನ ನೀರನ್ನು ಕಾಂಪೌಂಡ್ ಗೋಡೆಯ ಬುಡಕ್ಕೆ ಸುರಿಯಲು ಬಕೆಟ್ ಎತ್ತಿದ್ದೆ. ಗೋಡೆಯಾಚೆಯಿಂದ ಸೀಟಿ ಹೊಡೆದ ಸದ್ದು ಬಂತು. ಬಾಗಲಕೋಟೆಯ ನವನಗರಕ್ಕೆ ಸೊಸೆಯಾಗಿ ಬಂದ ಹೊಸತು, ಬೆಚ್ಚಿಬಿದ್ದು ಅರ್ಧ ನೀರನ್ನು ನನ್ನ ಕಾಲಮೇಲೇ ಚೆಲ್ಲಿಕೊಂಡೆ. ಗೋಡೆಯ ಮೇಲೆ ಮೊದಲು ಬಿಳಿ ಟೋಪಿ, ಆಮೇಲೆ ದಪ್ಪ ಮೀಸೆ, ಕೊನೆಗೆ ಪಕ್ಕದ ಮನೆಯ ಗುರುಪಾದಪ್ಪ ಕಾಕಾ ಕಾಣಿಸಿಕೊಂಡರು.

“ತಂಗಿ, ಆ ನೀರ ಗಟಾರಕ್ಕ ಚೆಲ್ಲವಾ. ಮಣ್ಣಿಗೆ ಬಾಯಿಲ್ಲಂತ ಏನ್ ಬೇಕಾದ್ದ ಕುಡಸಬ್ಯಾಡ.”

ಆಮೇಲೆ ಪದ್ಧತಿ ತಿಳಿಯಿತು. ಒಂದು ಸೀಟಿ ಅಂದರೆ ನಿಲ್ಲು. ಅಕ್ಕಿ ತೊಳೆದ ನೀರಾದರೆ ಎರಡು ಸೀಟಿ, ಅಂದರೆ ರೈಟ್, ಸುರಿ. ಕಾಕಾ ಹುನಗುಂದ–ಬಾಗಲಕೋಟೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತರಾದ ಮೇಲೂ ಸೀಟಿ ಬಿಟ್ಟಿರಲಿಲ್ಲ, ಬಸ್ಸಿನ ಮಾತೂ ಬಿಟ್ಟಿರಲಿಲ್ಲ. ಮೆಂತೆ ಬೀಜ ಬಿತ್ತುವಾಗ “ಒಳಗ ಸರೀರಿ, ಹಿಂದ ಭಾಳ ಜಾಗಾ ಐತಿ” ಅನ್ನುತ್ತಿದ್ದರು. ಸಲಿಕೆಗೆ ಎರೆಹುಳು ಸಿಕ್ಕರೆ ಕೆಲಸ ನಿಲ್ಲಿಸಿ, ಮುದುಕಿಯನ್ನು ಬಸ್ಸಿನಿಂದ ಇಳಿಸುವಷ್ಟು ಜೋಪಾನವಾಗಿ ಪಕ್ಕಕ್ಕೆ ಬಿಡುತ್ತಿದ್ದರು.

ನವನಗರದ ನೆಲ ಗರಸು. ಬರೀ ಕೆಂಪು ಹರಳು. ಮನೆ ಕಟ್ಟಲು ಅದರಷ್ಟು ಗಟ್ಟಿ ನೆಲ ಬೇರೆ ಇಲ್ಲ, ಕೊತ್ತಂಬರಿ ಹಾಕಲು ಅದರಷ್ಟು ಕೆಟ್ಟದ್ದೂ ಇಲ್ಲ. ಕಾಕಾ ಕಮತಗಿ ಕಡೆಯ ತಮ್ಮ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಕಪ್ಪು ಎರೆಮಣ್ಣು ತರಿಸಿ, ನಮ್ಮಿಬ್ಬರ ನಡುವಿನ ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಒಟ್ಟಿದ್ದರು. ಅದಕ್ಕೆ ಸಗಣಿ ಗೊಬ್ಬರ, ಬೇವಿನ ಎಲೆ, ಓಣಿಯವರೆಲ್ಲರ ಕಾಯಿಪಲ್ಲೆ ಸಿಪ್ಪೆ, ಚಹಾದಂಗಡಿಯಲ್ಲಿ ಸೋಸಿ ಬಿಸಾಡಿದ ಪುಡಿ ಎಲ್ಲ ಉಣಿಸುತ್ತಿದ್ದರು. ದಿನಾ ಬೆಳಿಗ್ಗೆ ಒಂದು ಹಿಡಿ ಎತ್ತಿ ಮೂಸಿ, “ಇವತ್ತ ಆರಾಮ ಐತಿ” ಎಂದು ತಮ್ಮ ಹೆಂಡತಿ ಕಾಕುವಿಗೆ ವರದಿ ಒಪ್ಪಿಸುತ್ತಿದ್ದರು. ತನಗೆ ಆರಾಮಿಲ್ಲದಾಗ ಈ ಮನುಷ್ಯ ಒಮ್ಮೆಯೂ ಹೀಗೆ ವಿಚಾರಿಸಲಿಲ್ಲವೆಂದು ಕಾಕು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದರು.

ನೌಕರಿಯಲ್ಲಿದ್ದಾಗ ಯಾವ ರೂಟಿಗೆ ಹಾಕಿದರೂ, ಡ್ರೈವರ್ ಚಹಾ ಕುಡಿಯುವ ಹೊತ್ತಿನಲ್ಲಿ ಕಾಕಾ ಬಸ್ಸು ನಿಂತ ಊರಿನ ಒಂದು ಹಿಡಿ ಮಣ್ಣು ತೆಗೆದಿಟ್ಟುಕೊಳ್ಳುತ್ತಿದ್ದರಂತೆ. ಅದನ್ನೆಲ್ಲ ಅಮೀನಗಡದ ಸಿಹಿ ಕರದಂಟಿನ ಖಾಲಿ ಡಬ್ಬಿಗಳಲ್ಲಿ ತುಂಬಿ ಶೋಕೇಸಿನಲ್ಲಿ ಇಟ್ಟಿದ್ದರು. ಚೊಳಚಗುಡ್ಡದ ಬಾಳೆ ತೋಟದ್ದು ಒಂದು, ಬಾದಾಮಿಯ ಕೆಂಪು ಉಸುಕು ಒಂದು. ನನ್ನ ನಾದಿನಿಯನ್ನು ನೋಡಲು ಹುನಗುಂದದಿಂದ ಗಂಡಿನವರು ಬಂದ ದಿನ ನಮ್ಮಲ್ಲಿ ಸಿಹಿ ತೀರಿಹೋಗಿತ್ತು. ಕಾಕು ಅವಸರದಲ್ಲಿ ಕರದಂಟಿನದೇ ಎಂದುಕೊಂಡು ಗೋಡೆಯ ಮೇಲಿಂದ ಒಂದು ಡಬ್ಬಿ ದಾಟಿಸಿದರು. ಅತ್ತೆ ಅದನ್ನು ಹಾಗೆಯೇ ಬೀಗರ ಮುಂದಿಟ್ಟು “ತಗೋರಿ, ನಾಚಬ್ಯಾಡ್ರಿ” ಅಂದರು. ವರನ ತಂದೆ ಮುಚ್ಚಳ ತೆಗೆದರೆ ಒಳಗೆ ಕಪ್ಪು ಮಣ್ಣು.

ಅಷ್ಟರಲ್ಲಿ ಕಾಕಾ ಬನಿಯನ್ನಿನಲ್ಲೇ ಓಡಿಬಂದರು. “ಅದ ತಿನ್ನೂದಲ್ರಿ! ಅಂದ್ರ... ತಿಂದ್ರೂ ಏನೂ ಆಗೂದಿಲ್ಲ, ಕಮತಗಿದು.”

ಅತ್ತೆಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆದರೆ ವರನ ತಂದೆ ಒಕ್ಕಲುತನದವರು. ಒಂದು ಚಿಟಿಕೆ ಎತ್ತಿ ಮೂಸಿ, “ಹೊಲ ಎಷ್ಟ ದಿನದಿಂದ ಗೊಬ್ಬರ ಕಂಡೈತ್ರಿ?” ಎಂದು ಕೇಳಿದರು. ಕಾಕಾ ಅವರ ಪಕ್ಕದಲ್ಲೇ ಕೂತುಬಿಟ್ಟರು. ಇಬ್ಬರೂ ಮಾತಿಗಿಳಿದರೆ ಹುಡುಗಿ ಚಹಾ ತಂದು ನಿಂತದ್ದು ಯಾರಿಗೂ ಕಾಣಲಿಲ್ಲ. ಸಂಬಂಧ ಅಂದೇ ಗಟ್ಟಿಯಾಯಿತು. ಮಣ್ಣಿನಿಂದ ಎಂದು ಕಾಕಾ, ಮಣ್ಣಿದ್ದರೂ ಎಂದು ಅತ್ತೆ.

ಮದುವೆ ಮುಗಿದ ಬೇಸಿಗೆಯಲ್ಲೇ ಗೋಡೆಯ ಪ್ರಕರಣ ಎದ್ದಿತು. ಜಾಗ ಉಳಿಸಲೆಂದು ಅತ್ತೆ ಆ ಕಾಂಪೌಂಡ್ ಗೋಡೆಯ ಮೇಲೆಯೇ ನಮ್ಮ ಅಡುಗೆಮನೆಯ ಒಂದು ಗೋಡೆ ಎಬ್ಬಿಸಿದ್ದರು. ಅದು ಈಗ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ನೋಡಲು ಬಂದ ಗಾರೆ ಕೆಲಸದ ಗೌಂಡಿ ನೇರವಾಗಿ ಹೇಳಿದ: “ಆಚಿ ಕಡೆ ಮಣ್ಣ ದಬ್ಬಾಕತ್ತೈತ್ರಿ. ಮಣ್ಣರ ತಗಸ್ರಿ, ಇಲ್ಲಾ ಅಡಗಿಮನಿ ಕೆಡವ್ರಿ.”

ಅತ್ತೆ ಸ್ಟೂಲು ಹಾಕಿಕೊಂಡು ಗೋಡೆಯ ಮೇಲೆ ತಲೆ ಎತ್ತಿದರು. “ಅಣ್ಣಾರ, ನಿಮ್ಮ ಮಣ್ಣ ನಮ್ಮ ಗ್ವಾಡಿ ಒದ್ಯಾಕತ್ತೈತಿ.”

“ಹಂಗ ಅನಬ್ಯಾಡ್ರಿ ಅಕ್ಕಾರ. ನನ್ನ ಮಣ್ಣ ಅಂಥಾದ್ದಲ್ಲ.” ಮಗನ ಮೇಲೆ ಶಾಲೆಯಿಂದ ದೂರು ಬಂದ ತಂದೆಯ ಹಾಗಿತ್ತು ಅವರ ಮುಖ. “ಮದುವಿಗೆ ಬಣ್ಣಾ ಹಚ್ಚಾಕ ಬಂದ ನಿಮ್ಮ ಪೇಂಟರ್ ಗ್ವಾಡಿ ಮ್ಯಾಲೆ ಕುಂತು ಬ್ರಷ್ ತೊಳದು ಟರ್ಪೆಂಟಿನ್ ಎಲ್ಲಾ ನನ್ನ ಕಡೆ ಚೆಲ್ಯಾನ. ನನ್ನ ಮೆಂತೆ ಸುಟ್ಟುಹೋತು. ನಾ ಏನರ ಅಂದೇನೇನು?”

“ಈಗ ಅಂದ್ರಲ್ಲ,” ಎಂದು ಅತ್ತೆ ಸ್ಟೂಲಿನಿಂದ ಇಳಿದರು.

ಎರಡೂ ಮನೆಗಳ ನಡುವೆ ಮಾತು ನಿಂತಿತು. ಉಪ್ಪಿನಕಾಯಿ ಹೋಗಲಿಲ್ಲ, ಮೆಂತೆ ಬರಲಿಲ್ಲ. ಸಾಬೂನಿನ ನೀರು ಚೆಲ್ಲಿದರೂ ಸೀಟಿ ಕೇಳಿಸದಾದಾಗ ನನಗೆ ಏನೋ ಕಳೆದುಕೊಂಡಂತೆ ಆಗಿ, ನಾನೇ ಅದನ್ನು ಗಟಾರಕ್ಕೆ ಹಾಕತೊಡಗಿದೆ. ಮಳೆಗಾಲ ಹತ್ತಿರ ಬಂದಾಗ ಕಾಕಾ ಒಂದು ಬಟ್ಟಲು ಅಂಟು ಹಿಡಿದು ನಮ್ಮ ಅಡುಗೆಮನೆಗೇ ಬಂದರು. ನಾದಿನಿಯ ಮದುವೆ ಪತ್ರಿಕೆಯಿಂದ ಒಂದು ಪಟ್ಟಿ ಕತ್ತರಿಸಿ ತಂದಿದ್ದರು. ಅದನ್ನು ಬಿರುಕಿಗೆ ಅಡ್ಡಲಾಗಿ ಅಂಟಿಸಿದರು. ‘ಆಗಮನಾಭಿಲಾಷಿಗಳು’ ಎಂಬ ಪದ ಬಿರುಕಿನ ಈ ದಂಡೆಯಿಂದ ಆ ದಂಡೆಗೆ ಹರಡಿ ನಿಂತಿತು.

“ಗ್ವಾಡಿ ಅಲಗ್ಯಾಡಿದ್ರ ಇದು ಹರೀತೈತಿ. ಮಳಿ ಬಿದ್ದ ಮ್ಯಾಲೆ ಹರೀತಂದ್ರ ತಪ್ಪ ನನ್ನ ಮಣ್ಣಿಂದು. ಹರೀಲಿಲ್ಲಂದ್ರ ನೀವು ನನ್ನ ಮಣ್ಣಿಗೆ ತಪ್ಪಾತು ಅನಬೇಕು.”

“ಮಣ್ಣಿಗಾ?” ಎಂದರು ಅತ್ತೆ.

“ಮಣ್ಣಿಗ ರೀ.”

ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಹೊಲದಲ್ಲಿ ಅದು ಯಾರಿಗೂ ತೊಂದರೆಯಲ್ಲ, ಗೋಡೆಗೆ ಆತುಕೊಂಡರೆ ತೊಂದರೆ. ಇದು ಕಮತಗಿ ಕಡೆಯ ಯಾರಿಗೆ ಗೊತ್ತಿಲ್ಲ? ಕಾಕಾಗೂ ಗೊತ್ತಿತ್ತು. ಪ್ರೀತಿ ಹೆಚ್ಚಾದಾಗ ಗೊತ್ತಿದ್ದದ್ದು ನೆನಪಾಗುವುದಿಲ್ಲ, ಅಷ್ಟೆ. ಎರಡು ಒಳ್ಳೆಯ ಮಳೆ ಬಿದ್ದವು. ಬೆಳಿಗ್ಗೆ ನೋಡಿದರೆ ಪಟ್ಟಿ ನಡುವೆಯೇ ಹರಿದಿತ್ತು.

ಕಾಕಾ ಬಂದು ನೋಡಿದರು. ಹರಿದ ತುದಿ ಮುಟ್ಟಿ, ಬಂದ ದಾರಿಯಲ್ಲೇ ಹೊರಟರು. ಅತ್ತೆ ಗೆದ್ದ ಮುಖ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಆಚೆಯಿಂದ ಸಲಿಕೆಯ ಸದ್ದು ಕೇಳಿಸಿತು. ಇಣುಕಿದರೆ ಕಾಕಾ ಗೋಡೆಗೆ ಆತುಕೊಂಡಿದ್ದ ಮಣ್ಣನ್ನು ತಾವೇ ಬುಟ್ಟಿಗೆ ತುಂಬುತ್ತಿದ್ದರು. “ಇಳೀರಿ, ಇಳೀರಿ, ನಿಮ್ಮ ಸ್ಟಾಪ್ ಬಂತು” ಅನ್ನುತ್ತಿದ್ದರು. ದನಿ ಎಂದಿನಷ್ಟು ಜೋರಾಗಿರಲಿಲ್ಲ.

ಅತ್ತೆ ಮತ್ತೆ ಸ್ಟೂಲು ಹತ್ತಿದರು. “ಅಣ್ಣಾರ, ಆ ಮಣ್ಣ ಎಲ್ಲಿ ಒಯ್ಯಾವ್ರು?”

“ಹೊಲಕ್ಕ ವಾಪಸ್ ಕಳಸ್ತೇನ್ರಿ.”

“ಯಾಕ? ನಮ್ಮ ಮುಂದಿನ ಅಂಗಳದಾಗ ಹಾಕ್ರಿ. ಅಲ್ಲಿ ಯಾವ ಗ್ವಾಡಿನೂ ಇಲ್ಲ, ಒದ್ಯಾಕ. ಮೊದ್ಲ ಚಹಾ ಕುಡೀರಿ.”

ಹೀಗೆ ಕಾಕಾನ ಮಣ್ಣು ನಮ್ಮ ಅಂಗಳಕ್ಕೆ ಬಂತು. ಗೋಡೆಯ ಬದಿಗೆ ಅವರು ಜನ್ಮದಲ್ಲಿ ಇಷ್ಟಪಡದ ಗರಸನ್ನೇ ತುಂಬಿ ಗಟ್ಟಿಯಾಗಿ ಬಡಿದು ಕೂರಿಸಿದರು. ಟರ್ಪೆಂಟಿನ್ ಕುಡಿದ ಮಣ್ಣನ್ನು ಮಾತ್ರ ಬೇರೆ ತೆಗೆದು, ಒಡೆದ ಡ್ರಮ್ಮಿನಲ್ಲಿ ಹಾಕಿ ಚೆಂಡುಹೂವಿನ ಸಸಿ ಹಚ್ಚಿದರು. ಅತ್ತೆ ಪೂಜೆಗೆ ಎರಡು ಹೂ ಕಿತ್ತರೆ ಒಂದು ಸೀಟಿ ಬಂತು. “ಬಾಯಿಗೂ ಬ್ಯಾಡ, ದೇವ್ರಿಗೂ ಬ್ಯಾಡ್ರಿ ಅಕ್ಕಾರ. ಆ ಮಣ್ಣ ಸುಧಾರಿಸಿಕೊಳ್ಳಾಕತ್ತೈತಿ. ಬರೇ ನೋಡ್ರಿ.”

ಬಿರುಕಿಗೆ ಸಿಮೆಂಟ್ ತುಂಬಿದ ಮೇಲೆ ಕಾಕಾ ಅದೇ ಪತ್ರಿಕೆಯ ಇನ್ನೊಂದು ಪಟ್ಟಿ ಅಂಟಿಸಿದರು. ದಿನಾ ಬೆಳಿಗ್ಗೆ ಬಂದು ಅದರ ಮೇಲೆ ಬೆರಳಾಡಿಸುವುದು, “ಹರದಿಲ್ರಿ ಅಕ್ಕಾರ” ಅನ್ನುವುದು, ಚಹಾ ಕುಡಿದು ಹೋಗುವುದು ಅವರ ಹೊಸ ಡ್ಯೂಟಿಯಾಯಿತು. ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಅವರಿಗೆ ಉಸಿರು ಸಾಲದಾಗಿತ್ತು. ಆದರೂ ಗೋಡೆ ಹಿಡಿದುಕೊಂಡೇ ಬಂದರು. ಪಟ್ಟಿ ಮುಟ್ಟಿ, “ಈ ಮಳಿನೂ ದಾಟ್ತು ನೋಡ ತಂಗಿ” ಅಂದರು. ಅವರು ನಮ್ಮ ಮನೆಗೆ ಬಂದದ್ದು ಅದೇ ಕಡೆಯ ಸಲ.

ಕಮತಗಿಯ ಹೊಲದಲ್ಲೇ ಮಣ್ಣು ಮಾಡಿದರು. ಎಲ್ಲರಂತೆ ಅತ್ತೆಯೂ ಒಂದು ಹಿಡಿ ಎರೆಮಣ್ಣು ಎತ್ತಿಕೊಂಡರು. ಹಾಕುವ ಮೊದಲು ತಮಗರಿವಿಲ್ಲದೆ ಅದನ್ನು ಮೂಸಿದರು. ಆಗ ನಾನು ಅತ್ತುಬಿಟ್ಟೆ.

ಮೊನ್ನೆ ಅಡುಗೆಮನೆಗೆ ಬಣ್ಣ ಹೊಡೆಸಿದೆವು. ಪೇಂಟರ್ ಆ ಪಟ್ಟಿ ಕೆರೆಯಲು ಹೋದಾಗ ಅತ್ತೆ ಕೈ ಹಿಡಿದು ನಿಲ್ಲಿಸಿದರು. “ಅದನ್ನ ಬಿಟ್ಟ ಸುತ್ತ ಹಚ್ಚಪ್ಪಾ.” ದಿನಾ ಬೆಳಿಗ್ಗೆ ಈಗ ಅವರೇ ಅದನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಹೊರಗೆ ಬಂದು ಸ್ಟೂಲು ಹತ್ತಿ, ಆಚೆಯ ಅಂಗಳಕ್ಕೆ ಕೇಳುವಂತೆ “ಹರದಿಲ್ರಿ ಅಣ್ಣಾರ” ಅನ್ನುತ್ತಾರೆ. ನಾನು ಅಕ್ಕಿ ತೊಳೆದ ನೀರು ಹಿಡಿದು ಅವರ ಹಿಂದೆ ನಿಂತಿರುತ್ತೇನೆ, ಎರಡು ಸೀಟಿ ಬಾರದೆ ಸುರಿಯಲು ಇನ್ನೂ ಮನಸ್ಸಾಗುವುದಿಲ್ಲ.