ಬ್ರೇಕ್ ಕೂರಿಸುವ ಡೆಲ್ಮರ್
ಕೊಲೊರಾಡೊದ ನಮ್ಮ ಕಣಿವೆಯಲ್ಲಿ, ಕಾರಿಗೆ ಕಟ್ಟಿ ಎಳೆಯುವ ಹಳೇ ಟ್ರೇಲರ್ ಮನೆ ಕೊಂಡವರು ಮೊದಲು ಅದಕ್ಕೆ ಪರದೆ ಹೊಲಿಸುತ್ತಾರೆ, ಆಮೇಲೆ ಡೆಲ್ಮರ್‌ನ ಶೆಡ್ಡಿಗೆ ಬರುತ್ತಾರೆ. ಅವನು ಒಳಗಿನ ಹೊಳಪನ್ನು ನೋಡದೆ ಸೀದಾ ಚಕ್ರದ ಪಕ್ಕ ಮಲಗಿ, "ಚೆಂದ ಇದೆ ಮಾರಾಯ, ಆದ್ರೆ ಇದು ನಿಲ್ಲೋದು ಹೇಗೆ?" ಎನ್ನುತ್ತಾನೆ. "ಎಲ್ಲಾ ಆ ಕಾಲದ್ದೇ, ಒಂದು ಸ್ಕ್ರೂ ಬದಲಾಯಿಸಿಲ್ಲ" ಎಂದು ಹೆಮ್ಮೆಪಟ್ಟವರಿಗೆ, "ಬೆಟ್ಟಾನೂ ಆ ಕಾಲದ್ದೇ" ಎಂಬ ಉತ್ತರ ಸಿಗುತ್ತದೆ. ತುಕ್ಕು ಹಿಡಿದದ್ದನ್ನು ಕಿತ್ತು ಕರೆಂಟಿನ ಬ್ರೇಕ್ ಕೂರಿಸಿದ ಮೇಲೂ ಕೀಲಿ ಕೊಡುವುದಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಘಾಟಿಯ ತುದಿಗೆ ಕರೆದೊಯ್ದು, ಟ್ರೇಲರ್ ಓಲಾಡಿದರೆ ಅದರ ಬ್ರೇಕ್ ಹಿಡಿಯಲು ಕೈಯಲ್ಲಿ ಒತ್ತಬೇಕಾದ ಗುಂಡಿಯನ್ನು ನಿದ್ದೆಯಲ್ಲೂ ಮರೆಯದಷ್ಟು ಸಲ ಒತ್ತಿಸುತ್ತಾನೆ. "ಓಡಿಸೋನು ಅವನು, ನಾನ್ಯಾಕೆ ಕಲೀಬೇಕು?" ಎಂದ ಹೆಂಗಸರಿಗೆ, "ಹೆದರೋರು ನೀವಲ್ವಾ ತಾಯಿ" ಎನ್ನುತ್ತಾನೆ. ಅವನ ಸ್ವಂತ ಟ್ರೇಲರಿಗಂತೂ ಪ್ರತಿ ವಸಂತಕ್ಕೆ ಇನ್ನಷ್ಟು ಒಳ್ಳೆಯ ಬ್ರೇಕ್ ಬರುತ್ತದೆ. ಆದರೂ, ಅದರ ಹಳೆಯ ಬ್ರೇಕ್ ಒಮ್ಮೆ ಇಳಿಜಾರಿನಲ್ಲಿ ಕೈಕೊಟ್ಟಂದಿನಿಂದ ಹೆಂಡತಿ ಲೊರೇನ್ ಅವನ ಪಕ್ಕ ಕೂತು ಬೆಟ್ಟ ಇಳಿದಿಲ್ಲ. ತನ್ನ ಪುಟ್ಟ ಕಾರಿನಲ್ಲಿ ಹಿಂದೆ ಬರುತ್ತಾಳೆ. ರಜೆಗೆ ಹೊರಟಾಗಲೆಲ್ಲ ಡೆಲ್ಮರ್ ಘಾಟಿಯ ತುದಿಯಲ್ಲಿ ನಿಲ್ಲಿಸಿ, ಪಕ್ಕದ ಬಾಗಿಲು ತೆರೆದು ಕಾಯುತ್ತಾನೆ. "ಈ ಸಲಾನೂ ಬೇಡಪ್ಪಾ, ನೀನು ನಡಿ, ಹಿಂದೇನೇ ಬರ್ತೀನಿ" ಎನ್ನುತ್ತಾಳೆ. ಅವನು ಬಾಗಿಲು ಹಾಕಿ, ಅವಳಿಗೆ ಅವಸರವಾಗದಂತೆ ಇಡೀ ಬೆಟ್ಟವನ್ನು ನಿಧಾನವಾಗಿ ಇಳಿಯುತ್ತಾನೆ.